ಮರಿಗಳಿಗೆ ಕಾವು: ಇದ್ದಿಲು, ತೂಗು ಬ್ರೂಡರ್, ಬಿಸಿಗಾಳಿ ಹೀಟರ್

ಹೊಳಲ್ಕೆರೆ ಕಡೆಯ ನಮ್ಮ ಕೋಳಿ ಶೆಡ್ಡಿನಲ್ಲಿ ಮೂರನ್ನೂ ಬಳಸಿ ನೋಡಿದ್ದೇನೆ. ಮುಂದಿನ ಬ್ಯಾಚ್ ಯಾವ ತಿಂಗಳಲ್ಲಿ ಬಂದರೂ ನಾನು ಹಚ್ಚುವುದು ಗ್ಯಾಸಿನ ಬಿಸಿಗಾಳಿ ಹೀಟರನ್ನೇ. ಮೊದಲ ವಾರ ಮರಿಗಳ ಬೆನ್ನಿನ ಮಟ್ಟದಲ್ಲಿ 32ರಿಂದ 35 ಡಿಗ್ರಿ ಶಾಖ ಬೇಕು. ಡಿಸೆಂಬರ್ ರಾತ್ರಿಯಲ್ಲಿ ಚಿತ್ರದುರ್ಗದ ಗಾಳಿ ಪರದೆಯ ಸಂದಿನಿಂದ ನುಗ್ಗುವಾಗ ಆ ಶಾಖವನ್ನು ಬೆಳಗಿನವರೆಗೆ ಕಾಯ್ದುಕೊಂಡದ್ದು ಅದೊಂದೇ.

ಇದ್ದಿಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಳ್ಳಾರಿ ಜಾಲಿಯ ಇದ್ದಿಲು ನಮ್ಮ ಕಡೆ ಸುಲಭವಾಗಿ ಸಿಗುತ್ತದೆ, ಅಗ್ಗವೂ ಹೌದು. ಆದರೆ ಪರದೆ ಮುಚ್ಚಿದ ಶೆಡ್ಡಿನಲ್ಲಿ ಅದು ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮರಿಗಳಷ್ಟೇ ಅಲ್ಲ, ಕಾವಲಿಗೆ ಒಳಗೆ ಮಲಗಿದ ಮನುಷ್ಯನೂ ಏಳದೇ ಹೋಗಬಹುದು. ನಮ್ಮ ಶೆಡ್ಡಿಗೆ ಅದು ಇನ್ನು ಬರುವುದಿಲ್ಲ.

ತೂಗು ಬ್ರೂಡರ್, ಅಂದರೆ ಮರಿಗಳ ಮೇಲೆ ಸರಪಳಿಯಿಂದ ನೇತುಹಾಕುವ ಕೊಡೆಯಂಥ ಗ್ಯಾಸ್ ಒಲೆ, ಒಳ್ಳೆಯ ಸಾಧನ. ಚನ್ನಗಿರಿಯಲ್ಲಿರುವ ನಮ್ಮ ಭಾವ ಇಂದಿಗೂ ಅದನ್ನೇ ನೆಚ್ಚಿಕೊಂಡಿದ್ದಾರೆ. ಕರೆಂಟು ಬೇಡ, ಸರಪಳಿ ಎಳೆದು ಎತ್ತರ ಹೊಂದಿಸಿದರೆ ಆಯಿತು. ನನಗೆ ಒಗ್ಗದಿದ್ದುದು ಅದರ ಶಾಖ ಹರಡುವ ರೀತಿ: ಕೊಡೆಯ ಕೆಳಗೆ ಸೆಕೆ, ನಾಲ್ಕು ಹೆಜ್ಜೆ ಆಚೆ ಚಳಿ. ಮರಿಗಳು ನಡುವಿನಲ್ಲಿ ಒತ್ತೊತ್ತಾಗಿ ನಿಂತು ಒಂದರ ಮೇಲೊಂದು ಬೀಳುತ್ತವೆ. ಜೋರು ಗಾಳಿಗೆ ಉರಿ ಆರಿದರೆ ಗ್ಯಾಸನ್ನು ತಾನೇ ನಿಲ್ಲಿಸುವ ಕವಾಟ ಅಗ್ಗದ ಬ್ರೂಡರುಗಳಲ್ಲಿ ಇರುವುದಿಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದ್ದು ಮೇಲೇರಿ ಹೋಗುವುದಿಲ್ಲ, ಮರಿಗಳು ಓಡಾಡುವ, ನೆಲಕ್ಕೆ ಹಾಸಿದ ಹೊಟ್ಟಿನ ಮೇಲೆಯೇ ಹರಡಿಕೊಳ್ಳುತ್ತದೆ.

ಬಿಸಿಗಾಳಿ ಹೀಟರಿನಲ್ಲಿ ಫ್ಯಾನು ಬಿಸಿಯನ್ನು ಶೆಡ್ಡಿನ ತುದಿಯವರೆಗೆ ತಳ್ಳುತ್ತದೆ. ಥರ್ಮೋಸ್ಟಾಟ್ ಇರುವುದರಿಂದ ಸಾಕಾದಾಗ ನಿಲ್ಲುತ್ತದೆ, ತಂಪಾದಾಗ ಮತ್ತೆ ಹೊತ್ತಿಕೊಳ್ಳುತ್ತದೆ. ಉರಿ ಆರಿದರೆ ಗ್ಯಾಸೂ ನಿಲ್ಲುತ್ತದೆ. ಮರಿಗಳು ಶೆಡ್ಡಿನ ತುಂಬ ಚೆದುರಿ ಮೇಯುವುದನ್ನು ಕಂಡಾಗ ಕೊಟ್ಟ ಹಣಕ್ಕೆ ಮೋಸವಿಲ್ಲ ಎನ್ನಿಸಿತು.

ಆದರೆ ಇದರ ಒಂದು ತೊಂದರೆಯನ್ನು ಮಾರುವವರು ಹೇಳುವುದಿಲ್ಲ. ನಡುರಾತ್ರಿ ಕಳೆದ ಮೇಲೆ ಉರಿ ಸಣ್ಣಗಾಗುತ್ತದೆ, ಹೀಟರ್ ಪದೇ ಪದೇ ನಿಲ್ಲುತ್ತದೆ. ಸಿಲಿಂಡರ್ ಅಲುಗಾಡಿಸಿದರೆ ಒಳಗೆ ಗ್ಯಾಸ್ ಇರುವುದು ಗೊತ್ತಾಗುತ್ತದೆ. ಕೆಳಭಾಗ ಮುಟ್ಟಿದರೆ ಕೊರೆಯುವ ತಂಪು, ಹೊರಗೆಲ್ಲ ನೀರ ಹನಿ, ಕೆಲವೊಮ್ಮೆ ಬಿಳಿ ಹಿಮದ ಪಟ್ಟಿ. ಕೆಟ್ಟಿರುವುದು ಹೀಟರ್ ಅಲ್ಲ. ಸಿಲಿಂಡರಿನಲ್ಲಿರುವುದು ದ್ರವ, ಅದು ಅನಿಲವಾಗಲು ಶಾಖ ಬೇಕು, ಆ ಶಾಖವನ್ನು ಸಿಲಿಂಡರಿನ ಗೋಡೆಯಿಂದಲೇ ಎಳೆದುಕೊಳ್ಳುತ್ತದೆ. 15 ಕಿಲೋವ್ಯಾಟ್ ಹೀಟರ್ ಪೂರ್ತಿ ಉರಿದಾಗ ಗಂಟೆಗೆ ಒಂದು ಕಿಲೋಗಿಂತ ತುಸು ಹೆಚ್ಚು ಗ್ಯಾಸ್ ಬೇಡುತ್ತದೆ. ಚಳಿಯಲ್ಲಿ ನಿಂತ ಒಂದೇ 19 ಕಿಲೋ ಸಿಲಿಂಡರ್ ಅಷ್ಟನ್ನು ಎಡೆಬಿಡದೆ ಕೊಡಲಾರದು. ದ್ರವ ಇಳಿದಷ್ಟೂ ಶಾಖ ಸಿಗುವ ಗೋಡೆಯೂ ಕಡಿಮೆಯಾಗುತ್ತದೆ, ಹಾಗಾಗಿ ಅರ್ಧ ಖಾಲಿಯಾದ ಸಿಲಿಂಡರಿನ ಕಾಟ ಇನ್ನೂ ಹೆಚ್ಚು.

ಇದಕ್ಕೆ ಜನ ಮಾಡುವ ಉಪಾಯಗಳು ಎದೆ ನಡುಗಿಸುತ್ತವೆ. ಕುದಿಯುವ ನೀರು ಸುರಿಯುತ್ತಾರೆ, ಹೀಟರಿನ ಬಿಸಿಗಾಳಿಯನ್ನೇ ಸಿಲಿಂಡರಿಗೆ ತಿರುಗಿಸುತ್ತಾರೆ, ಮಲಗಿಸಿಬಿಡುತ್ತಾರೆ. ಮಲಗಿಸಿದರೆ ಅನಿಲದ ಬದಲು ದ್ರವವೇ ಪೈಪಿಗೆ ನುಗ್ಗಿ ಬರ್ನರಿನಿಂದ ಬೆಂಕಿ ಹೊರಚಿಮ್ಮಬಹುದು. ದಯವಿಟ್ಟು ಇವು ಯಾವುದನ್ನೂ ಮಾಡಬೇಡಿ. ಎರಡು ಸಿಲಿಂಡರುಗಳನ್ನು ಮ್ಯಾನಿಫೋಲ್ಡ್ ಪೈಪಿಗೆ (ಎರಡರ ಗ್ಯಾಸನ್ನೂ ಒಂದುಗೂಡಿಸುವ ಪೈಪು) ಜೋಡಿಸಿ, ಎರಡನ್ನೂ ಒಟ್ಟಿಗೆ ತೆರೆದಿಡಿ. ಒಂದೊಂದರ ಮೇಲಿನ ಹೊರೆ ಅರ್ಧವಾಗುತ್ತದೆ. ನಮ್ಮಲ್ಲಿ ಗ್ಯಾಸ್ ಏಜೆನ್ಸಿಯ ಮೆಕ್ಯಾನಿಕ್ ಬಂದು ಜೋಡಿಸಿಕೊಟ್ಟ ಮೇಲೆ ಹಿಮ ಕಟ್ಟಿಲ್ಲ. ಸಿಲಿಂಡರುಗಳು ಶೆಡ್ಡಿನ ಹೊರಗೆ, ನೆರಳಿನಲ್ಲಿ, ನೇರವಾಗಿ ನಿಂತಿವೆ. ಮನೆಯ ಸಿಲಿಂಡರ್ ಇದಕ್ಕೆ ಬಳಸುವುದು ಕಾನೂನುಬಾಹಿರ. ಅಡುಗೆಮನೆಯ ರೆಗ್ಯುಲೇಟರಿನ ಒತ್ತಡವೂ ಈ ಹೀಟರಿಗೆ ಸಾಲದು. ಹೀಟರಿನ ಫಲಕದಲ್ಲಿ ಬರೆದ ಒತ್ತಡಕ್ಕೆ ಹೊಂದುವ ರೆಗ್ಯುಲೇಟರೇ ಬೇಕು.

ತೇವದ ಲೆಕ್ಕ ಎರಡೂ ಗ್ಯಾಸ್ ಸಾಧನಗಳಿಗೆ ಅನ್ವಯಿಸುತ್ತದೆ. ಒಂದು ಕಿಲೋ ಎಲ್‌ಪಿಜಿ ಉರಿದರೆ ಸುಮಾರು 1.6 ಕಿಲೋ ನೀರಾವಿ ಹುಟ್ಟುತ್ತದೆ. ಹೊಗೆ ಕೊಳವೆ ಇಲ್ಲದ ಸಾಧನದಲ್ಲಿ ಅದೆಲ್ಲ ಒಳಗೇ ಉಳಿಯುತ್ತದೆ. 19 ಕಿಲೋ ಸಿಲಿಂಡರ್ ಮುಗಿಯುವ ಹೊತ್ತಿಗೆ ಮೂವತ್ತು ಲೀಟರ್ ನೀರು ಶೆಡ್ಡಿನ ಗಾಳಿಗೆ ಸೇರಿತೆಂದೇ ಅರ್ಥ. ಹಾಸು ದಾವಣಗೆರೆ ಗಿರಣಿಯ ಭತ್ತದ ಹೊಟ್ಟಿರಲಿ, ಚಳ್ಳಕೆರೆಯ ಶೇಂಗಾ ಸಿಪ್ಪೆಯಿರಲಿ, ಒದ್ದೆಯಾಗಿ ಅಮೋನಿಯ ಕಣ್ಣು ಉರಿಸುತ್ತದೆ. ಶಾಖ ಉಳಿಸಲೆಂದು ಪರದೆಯನ್ನು ಪೂರ್ತಿ ಮುಚ್ಚಿದರೆ ಆಮ್ಲಜನಕವೂ ಕುಗ್ಗುತ್ತದೆ, ಉರಿ ಹಳದಿಯಾಗುತ್ತದೆ, ಇದ್ದಿಲಿನ ವಿಷಾನಿಲ ಇಲ್ಲೂ ಹುಟ್ಟುತ್ತದೆ. ಪರದೆಯ ಮೇಲಂಚನ್ನು ತೆರೆದೇ ಇಡಿ.

ಹಚ್ಚುವಾಗ ಮೊದಲು ಫ್ಯಾನು, ಆಮೇಲೆ ಗ್ಯಾಸ್. ಹೊತ್ತಿಕೊಳ್ಳದಿದ್ದರೆ ಗ್ಯಾಸ್ ಮುಚ್ಚಿ, ಫ್ಯಾನು ಓಡಲು ಬಿಟ್ಟು, ಐದು ನಿಮಿಷ ಕಾದು ಮತ್ತೆ ಪ್ರಯತ್ನಿಸಿ. ನಿಲ್ಲಿಸುವಾಗ ಮೊದಲು ಸಿಲಿಂಡರ್ ಮುಚ್ಚಿ, ಪೈಪಿನಲ್ಲಿ ಉಳಿದದ್ದು ಉರಿದುಹೋಗಲಿ, ಒಳಭಾಗ ತಣ್ಣಗಾಗುವವರೆಗೆ ಫ್ಯಾನು ತಿರುಗಲಿ. ಪ್ಲಗ್ ಕಿತ್ತು ನಿಲ್ಲಿಸಿದರೆ ಒಳಗಿನ ಭಾಗಗಳು ಸುಟ್ಟುಹೋಗುತ್ತವೆ. ಗಾಳಿ ಹೊರಬರುವ ಬಾಯಿಯ ಮುಂದೆ ಹೊಟ್ಟು, ಮೇವಿನ ಚೀಲ, ಪರದೆ ಯಾವುದೂ ಇರಬಾರದು. ನಾನು ಕಾಂಕ್ರೀಟು ಕಟ್ಟೆಯ ಮೇಲಿಟ್ಟು ಮುಂದೆ ಮೂರು ಮೀಟರ್ ಖಾಲಿ ಬಿಟ್ಟಿದ್ದೇನೆ.

ಬ್ಯಾಚ್ ಮುಗಿದಾಗಲೆಲ್ಲ ಸಿಲಿಂಡರ್ ಬೇರ್ಪಡಿಸಿ, ಫ್ಯಾನು ಮತ್ತು ಬರ್ನರಿನ ಧೂಳು, ತುಪ್ಪುಳವನ್ನು ಮೆತ್ತನೆಯ ಬ್ರಷ್ಷಿನಿಂದ ತೆಗೆಯುತ್ತೇನೆ. ಉರಿ ಇದೆಯೇ ಎಂದು ಶಾಖದಿಂದ ಗುರುತಿಸುವ ಥರ್ಮೋಕಪಲ್ ತುದಿಗೆ ಮಸಿ ಹಿಡಿದರೆ ಹೀಟರ್ ಹೊತ್ತಿದ ಕೂಡಲೇ ಆರುತ್ತದೆ. ಗ್ಯಾಸ್ ಹೊರಬರುವ ಜೆಟ್ ರಂಧ್ರಕ್ಕೆ ಸೂಜಿ, ತಂತಿ ತೂರಿಸಬಾರದು. ರಂಧ್ರ ದೊಡ್ಡದಾದರೆ ಉರಿಯ ಅಳತೆಯೇ ಕೆಡುತ್ತದೆ. ಪೈಪನ್ನು ಇಲಿ, ಹೆಗ್ಗಣ ಕಡಿದಿವೆಯೇ ಎಂದು ಕೈಯಾಡಿಸಿ ನೋಡಿ, ಸೋರಿಕೆ ಇದೆಯೇ ಎಂದು ತಿಳಿಯಲು ಜೋಡಣೆಗಳಿಗೆ ಸೋಪಿನ ನೊರೆ ಹಚ್ಚುತ್ತೇನೆ.

ಕೆಲವೇ ನೂರು ಮರಿ ಬಿಡುವವರಿಗೆ, ರಾತ್ರಿ ಎದ್ದು ನೋಡಲು ಮನೆಯಲ್ಲಿ ಜನ ಇರುವವರಿಗೆ ತೂಗು ಬ್ರೂಡರೇ ಸಾಕು. ಆರಿದರೆ ಗ್ಯಾಸ್ ನಿಲ್ಲಿಸುವ ಕವಾಟ ಇರುವುದನ್ನೇ ಕೊಳ್ಳಿ. ನನ್ನ ಶೆಡ್ ದೊಡ್ಡದು, ನೋಡಿಕೊಳ್ಳುವವನು ನಾನೊಬ್ಬನೇ, ಹಗಲು ಅಡಿಕೆ ತೋಟದ ಕೆಲಸವೂ ಇದೆ. ಆದ್ದರಿಂದ ಹೀಟರಿಗೇ ಹಣ ಹಾಕಿದೆ. ಕರೆಂಟು ಹೋದರೆ ಅದು ನಿಲ್ಲುತ್ತದೆ, ಬಂದ ಮೇಲೆ ಕೈಯಿಂದಲೇ ರೀಸೆಟ್ ಗುಂಡಿ ಒತ್ತಬೇಕು. ಅದಕ್ಕಾಗಿ ಮನೆಯ ಹಳೆಯ ಇನ್ವರ್ಟರನ್ನು ಶೆಡ್ಡಿಗೆ ಸಾಗಿಸಿದ್ದೇನೆ. ಫ್ಯಾನಿಗೆ ಅಷ್ಟು ಸಾಕಾಗಿದೆ.