ಸಾವಿರ ಲೀಟರಿನ ಉಪ್ಪುನೀರಿನ ಅಕ್ವೇರಿಯಂಗೆ ಯುವಿ ಸ್ಟೆರಿಲೈಸರ್: ವರ್ಷಗಟ್ಟಲೆ ಬಳಸಿದ ಮೇಲೆ

ಮೀನುಗಳ ಬಿಳಿಚುಕ್ಕೆ ರೋಗಕ್ಕೆ ಇದೇ ರಾಮಬಾಣ ಎಂದು ನಂಬಿ ಯುವಿ (ನೀರನ್ನು ನೇರಳಾತೀತ ದೀಪದ ಪಕ್ಕದಲ್ಲಿ ಹಾಯಿಸಿ ಸೂಕ್ಷ್ಮಜೀವಿಗಳನ್ನು ತಗ್ಗಿಸುವ ಉಪಕರಣ) ಕೊಳ್ಳಲು ಹೊರಟವರಿಗೆ ಮೊದಲೇ ಹೇಳಿಬಿಡುತ್ತೇನೆ: ಅಲ್ಲ. ಆದರೂ ಬೆಂಗಳೂರಿನ ನನ್ನ ಮನೆಯ ಟ್ಯಾಂಕಿನಿಂದ ಈ 55 ವಾಟ್ ಉಪಕರಣವನ್ನು ತೆಗೆಯುವ ಯೋಚನೆ ಒಮ್ಮೆಯೂ ಬಂದಿಲ್ಲ.

ಮೊದಲು ಕಂಡ ಲಾಭ ನೀರಿನ ತಿಳಿ. ಒಂದು ತುದಿಯಿಂದ ಉದ್ದಕ್ಕೆ ಕಣ್ಣು ಹಾಯಿಸಿದರೆ ಆಚೆ ತುದಿಯ ಕಲ್ಲು ಮಂಜಿನಲ್ಲಿದ್ದಂತೆ ಕಾಣುತ್ತಿತ್ತು. ಈಗ ಆ ಕಲ್ಲಿನ ಮೇಲೆ ಕೊಳವೆಹುಳುಗಳು ಬಿಚ್ಚುವ ಗರಿಗಳೂ ಸ್ಪಷ್ಟ. ತೇಲುವ ಪಾಚಿ, ಬ್ಯಾಕ್ಟೀರಿಯಾಗಳ ಡಿಎನ್‌ಎಯನ್ನು ಸುಮಾರು 254 ನ್ಯಾನೊಮೀಟರಿನ ಕಿರಣ ಕೆಡಿಸುತ್ತದೆ, ಅವು ವೃದ್ಧಿಯಾಗುವುದಿಲ್ಲ. ಅಮೋನಿಯಾವನ್ನು ಪರಿವರ್ತಿಸುವ ಉಪಕಾರಿ ಬ್ಯಾಕ್ಟೀರಿಯಾ ಬಹುಪಾಲು ಕಲ್ಲು, ಮರಳಿಗೆ ಅಂಟಿಕೊಂಡಿರುವುದರಿಂದ ಅವಕ್ಕೆ ತೊಂದರೆಯಿಲ್ಲ.

ಬಿಳಿಚುಕ್ಕೆಯ ವಿಷಯ ಬೇರೆ. ಕ್ರಿಪ್ಟೋಕ್ಯಾರಿಯನ್ ಎಂಬ ಆ ಪರಾವಲಂಬಿ ಮೀನಿನ ಚರ್ಮದೊಳಗಿದ್ದಾಗ ಬೆಳಕಿಗೆ ಸಿಗುವುದಿಲ್ಲ, ಮರಳಿನಲ್ಲಿ ಕೋಶ ಕಟ್ಟಿಕೊಂಡಿದ್ದಾಗಲೂ ಸಿಗುವುದಿಲ್ಲ. ಕೋಶ ಒಡೆದು ಹೊರಬಂದ ಮರಿಗಳು ಮೀನನ್ನು ಹುಡುಕಿಕೊಂಡು ಈಜುವ ಒಂದೆರಡು ದಿನ ಮಾತ್ರ ಯುವಿಗೆ ಅವಕಾಶ. ಅದೂ ಅವು ಪಂಪಿನ ದಾರಿಗೆ ಬಂದರೆ! ರಾತ್ರಿ ಅದೇ ಮರಳಿನ ಬಳಿ ಮೀನು ಮಲಗಿದ್ದರೆ ಅವು ಮೊದಲು ಮುಟ್ಟುವುದು ಮೀನನ್ನೇ. ಯುವಿ ರೋಗದ ಒತ್ತಡವನ್ನು ತಗ್ಗಿಸುತ್ತದೆ, ರೋಗವನ್ನು ಅಳಿಸುವುದಿಲ್ಲ. ಹೊಸ ನೀಲಿ ಟ್ಯಾಂಗ್ ಮೀನು ತಂದರೆ ಅದು ಇಂದಿಗೂ ಮೊದಲು ಹೋಗುವುದು ಕ್ವಾರಂಟೈನ್ ಟ್ಯಾಂಕಿಗೆ.

ಹರಿವೇ ಇಲ್ಲಿ ಮುಖ್ಯ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವ ಲೀಟರ್ ಲೆಕ್ಕ ಸಾಮಾನ್ಯವಾಗಿ ಪಾಚಿಗೆ ಸಾಕಾಗುವಂಥದ್ದು. ಪರಾವಲಂಬಿಗೆ ನೀರು ಅದಕ್ಕಿಂತ ಬಹಳ ನಿಧಾನವಾಗಿ ಸಾಗಬೇಕು. ಹಾಗಾಗಿ ಸಂಪಿನಲ್ಲಿ (ಅಕ್ವೇರಿಯಂಗೆ ಜೋಡಿಸಿದ, ನೀರು ಸೋಸುವ ತೊಟ್ಟಿಯಲ್ಲಿ) ಯುವಿಗೆಂದೇ ಬೇರೆ ಪಂಪ್ ಇಟ್ಟಿದ್ದೇನೆ. ಹೊರಬರುವ ನೀರನ್ನು ಬಕೆಟ್ಟಿಗೆ ಹಿಡಿದು, ತುಂಬುವ ಸಮಯವನ್ನು ಮೊಬೈಲಿನಲ್ಲಿ ನೋಡಿ, ವಾಲ್ವ್ ತಿರುಗಿಸಿ ಹೊಂದಿಸುತ್ತೇನೆ. ಸೋಸಿದ ನೀರೇ ಒಳಹೋಗಬೇಕು. ಕಸದ ಕಣಗಳ ಮರೆಯಲ್ಲಿ ಸೂಕ್ಷ್ಮಜೀವಿಗಳು ಪಾರಾಗುತ್ತವೆ.

ನಿರ್ವಹಣೆಗೆ ತಾಳ್ಮೆ ಬೇಕು. ದೀಪವನ್ನು ಸುತ್ತುವರಿದ ಕ್ವಾರ್ಟ್ಜ್ ಕೊಳವೆಯ ಮೇಲೆ ಬೆರಳಿಗೆ ಒರಟಾಗಿ ಹತ್ತುವ ಬಿಳಿ ಪೊರೆ ಕಟ್ಟುತ್ತದೆ, ಕಿರಣವನ್ನು ತಡೆಯುತ್ತದೆ. ಪ್ಲಗ್ ಕಿತ್ತು, ಕೊಳವೆಯನ್ನು ಹೊರತೆಗೆದು ವಿನೆಗರಿನಲ್ಲಿ ನೆನೆಸಿ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಗಾಜು ಮತ್ತೆ ನುಣುಪಾಗುತ್ತದೆ. ಉರಿಯುತ್ತಿರುವ ದೀಪವನ್ನು ಬರಿಗಣ್ಣಿನಿಂದ ಎಂದೂ ನೋಡಬೇಡಿ. ದೀಪ ನೀಲಿಯಾಗಿ ಬೆಳಗುತ್ತಿದೆ ಎಂದರೆ ಕೆಲಸ ಮಾಡುತ್ತಿದೆ ಎಂದಲ್ಲ. ಸುಮಾರು 9,000 ಗಂಟೆ, ಅಂದರೆ ಹೆಚ್ಚುಕಡಿಮೆ ಒಂದು ವರ್ಷ ಕಳೆಯುವಷ್ಟರಲ್ಲಿ ಅದರ ಯುವಿ ಶಕ್ತಿ ಕುಗ್ಗಿರುತ್ತದೆ.

ಬೇಸರ ತರಿಸುವುದು ಶಾಖ. ಏಪ್ರಿಲ್ ಬಿಸಿಲಿನಲ್ಲಿ ನೀರನ್ನು 26 ಡಿಗ್ರಿಯಲ್ಲಿ ಹಿಡಿದಿಡಲು ಚಿಲ್ಲರ್ ಮೊದಲೇ ಹೆಣಗುತ್ತಿರುತ್ತದೆ, ದೀಪದ ಬಿಸಿಯೂ ಅದಕ್ಕೆ ಸೇರುತ್ತದೆ. ಬಾಟಲಿಯಲ್ಲಿ ಸಿಗುವ ಉಪಕಾರಿ ಬ್ಯಾಕ್ಟೀರಿಯಾವನ್ನು ನೀರಿಗೆ ಹಾಕುವಾಗ, ಅವೂ ಸಾಯದಂತೆ, ಯುವಿಯನ್ನು ಆರಿಸುವುದೂ ನೆನಪಿರಬೇಕು.

ಇಷ್ಟು ದೊಡ್ಡ ಟ್ಯಾಂಕಿನಲ್ಲಿ ದುಬಾರಿ ಮೀನು ಸಾಕುವವರು ಧಾರಾಳವಾಗಿ ಕೊಳ್ಳಬಹುದು. ಆದರೆ ದುಡ್ಡು ಕೊಡುವ ಮೊದಲು ಆ ಮಾದರಿಯ ಬದಲಿ ದೀಪ, ಕ್ವಾರ್ಟ್ಜ್ ಕೊಳವೆ, ಓ-ರಿಂಗ್ (ನೀರು ಸೋರದಂತೆ ತಡೆಯುವ ರಬ್ಬರ್ ಬಳೆ) ಮೂರೂ ಬಿಡಿಯಾಗಿ ಸಿಗುತ್ತವೆಯೇ ಎಂದು ಅಂಗಡಿಯವರನ್ನು ಕೇಳಿ. ಸಿಗದಿದ್ದರೆ ಎಷ್ಟೇ ಅಗ್ಗವಾದರೂ ಬೇಡ.