ಮರುವಾಯಿ ಚಿಪ್ಪಿಗೆ ಎರಡು ಆಮ್ಲ

ಭಾನುವಾರ ಮನೆಯಲ್ಲಿ ಮರುವಾಯಿ, ಅಂದರೆ ಹೊಳೆಯ ಚಿಪ್ಪುಮೀನಿನ ಸುಕ್ಕ. ಉದ್ಯಾವರ ಹೊಳೆಯದ್ದು. ಊಟ ಮುಗಿದ ಮೇಲೆ ಚಿಪ್ಪುಗಳನ್ನು ತೊಳೆದು ಒಣಗಿಸಿ, ಮರುದಿನ ಉಡುಪಿಯ ನಮ್ಮ ಕಾಲೇಜಿನ ಲ್ಯಾಬಿಗೆ ಒಯ್ದೆ. ಪಿಯುಸಿ ಮಕ್ಕಳು ಪ್ರತಿ ವರ್ಷ ಅದೇ ತಪ್ಪು ಬರೆಯುತ್ತಾರೆ. ದುರ್ಬಲ ಆಮ್ಲ ಅಂದರೆ ಜಾಸ್ತಿ ನೀರು ಬೆರೆಸಿದ ಆಮ್ಲವಂತೆ! ಹೇಳಿ ಹೇಳಿ ಸಾಕಾಗಿತ್ತು. ಈ ಸಲ ತೋರಿಸಿಯೇ ಬಿಡೋಣ ಅನಿಸಿತು.

ಒಂದು ಬೀಕರಿನಲ್ಲಿ ಹೈಡ್ರೋಕ್ಲೋರಿಕ್ ಆಮ್ಲ, ಇನ್ನೊಂದರಲ್ಲಿ ವಿನೆಗರಿನ ಹುಳಿಗೆ ಕಾರಣವಾದ ಅಸಿಟಿಕ್ ಆಮ್ಲ. ಎರಡೂ 1 ಮೋಲಾರ್, ಎರಡೂ 100 ಮಿಲಿ. ಅಂದರೆ ನೀರಿಗೆ ಹಾಕಿದ ಆಮ್ಲದ ಅಣುಗಳ ಲೆಕ್ಕ ಸಮ ಸಮ.

ಮೊದಲು ಅಂಗಳದ ದಾಸವಾಳದ ರಸ ಹಾಕಿ ನೋಡಿದೆ. ಎರಡೂ ಕೆಂಪಾದವು. ಚಂದ ಕಂಡಿತು, ಆದರೆ ಯಾವುದು ಪ್ರಬಲ ಎಂದು ಅದರಿಂದ ಗೊತ್ತಾಗಲಿಲ್ಲ. ಪಿಎಚ್ ಮೀಟರ್ ಮಾತ್ರ ಸರಿಯಾಗಿ ಹೇಳಿತು (ಪಿಎಚ್ ಸಂಖ್ಯೆ ಕಡಿಮೆಯಾದಷ್ಟೂ ಆಮ್ಲೀಯತೆ ಜಾಸ್ತಿ): ಹೈಡ್ರೋಕ್ಲೋರಿಕ್ ಸೊನ್ನೆಯ ಹತ್ತಿರ, ಅಸಿಟಿಕ್ 2.4. ಬ್ಯಾಟರಿಗೆ ಎಲ್‌ಇಡಿ ಸಿಕ್ಕಿಸಿ ತಂತಿ ಅದ್ದಿದರೆ ಮೊದಲನೆಯದರಲ್ಲಿ ಪಳಪಳ, ಎರಡನೆಯದರಲ್ಲಿ ಮಂಕು. ನೀರಿನಲ್ಲಿ ಅಯಾನುಗಳು, ಅಂದರೆ ವಿದ್ಯುದಾವೇಶ ಇರುವ ಕಣಗಳು, ಹೆಚ್ಚಿದ್ದಷ್ಟೂ ಬೆಳಕು ಜೋರು.

ಆಮೇಲೆ ಎರಡಕ್ಕೂ 10 ಗ್ರಾಂ ಚಿಪ್ಪು ಹಾಕಿದೆ. ಚಿಪ್ಪು ಅಂದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಹೈಡ್ರೋಕ್ಲೋರಿಕ್ ಬುಸ್ಸೆಂದು ನೊರೆ ಎಬ್ಬಿಸಿತು. ಅಸಿಟಿಕ್‌ನಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಚಿಪ್ಪಿಗೆ ಅಂಟಿಕೊಂಡು, ಮನಸ್ಸಾದಾಗ ಒಂದೊಂದೇ ಮೇಲೆ ಬಂದವು. ಮಕ್ಕಳು ಅಲ್ಲೇ ತೀರ್ಪು ಕೊಟ್ಟರು. ನಾನು ಸುಮ್ನೆ ಎರಡನ್ನೂ ಕಿಟಕಿ ಪಕ್ಕ ಇಟ್ಟೆ.

ಒಂದರ ಸದ್ದು ಅದೇ ದಿನ ನಿಂತಿತು. ಇನ್ನೊಂದಕ್ಕೆ ಶನಿವಾರದವರೆಗೂ ಕಾಯಬೇಕಾಯಿತು. ಉಳಿದ ಚಿಪ್ಪು ಒಣಗಿಸಿ ತೂಗಿದರೆ ಎರಡರಲ್ಲೂ ಕರಗಿದ್ದು ಹತ್ತಿರ ಹತ್ತಿರ 5 ಗ್ರಾಂ! ಲೆಕ್ಕ ಹಾಕಿದರೂ ಅಷ್ಟೇ ಬರುತ್ತದೆ.

ಹೈಡ್ರೋಕ್ಲೋರಿಕ್ ನೀರಿಗೆ ಬಿದ್ದ ಕೂಡಲೇ ತನ್ನ ಹೈಡ್ರೋಜನ್ ಅಯಾನುಗಳನ್ನೆಲ್ಲ ಬಿಟ್ಟುಕೊಡುತ್ತದೆ. ಅಸಿಟಿಕ್‌ನಲ್ಲಿ 1000 ಅಣುಗಳಿದ್ದರೆ ಬಿಟ್ಟುಕೊಡುವವು ಸುಮಾರು 4. ಅವು ಖರ್ಚಾದ ಹಾಗೆ ಮತ್ತೆ ನಾಲ್ಕು, ಮತ್ತೆ ನಾಲ್ಕು. ಜುಗ್ಗ ಹೌದು, ಬಡವ ಅಲ್ಲ. ಆಮ್ಲ ಎಷ್ಟಿದೆ ಎಂದು ಅಳೆಯುವ ಟೈಟ್ರೇಶನ್‌ನಲ್ಲೂ ಇದೇ ಕಂಡಿತು. ಚಿಪ್ಪು ಹಾಕದ ಎರಡೂ ಆಮ್ಲಗಳ 10 ಮಿಲಿ ತೆಗೆದುಕೊಂಡರೆ, ಆಮ್ಲ ಮುಗಿದಾಗ ಬಣ್ಣ ತೋರಿಸುವ ಫೀನಾಲ್ಫ್ತಲೀನ್ ಗುಲಾಬಿಯಾಗಲು ಬೇಕಾದ ಕಾಸ್ಟಿಕ್ ಸೋಡಾ (ಸೋಡಿಯಂ ಹೈಡ್ರಾಕ್ಸೈಡ್) ಒಂದೇ ಅಳತೆ.

ದುರ್ಬಲ ಅಂದ ಮಾತ್ರಕ್ಕೆ ಸಾಧು ಎಂದೂ ಅಲ್ಲ. ಹೈಡ್ರೋಫ್ಲೋರಿಕ್ ಪುಸ್ತಕದ ಪ್ರಕಾರ ದುರ್ಬಲ ಆಮ್ಲ, ಆದರೆ ಗಾಜನ್ನೇ ತಿನ್ನುತ್ತದೆ. ಅದನ್ನು ನಾನು ಹೋಲಿಕೆಗೆ ತರಲೇ ಇಲ್ಲ, ತರುವುದೂ ಇಲ್ಲ.

ಆಮ್ಲವನ್ನು ತಣಿಸುವ ಪ್ರತ್ಯಾಮ್ಲಗಳ ಕಥೆಯೂ ಹೀಗೇ. ಇಲ್ಲಿ ಪಿಎಚ್ ಹೆಚ್ಚಿದಷ್ಟೂ ಜೋರು. 0.1 ಮೋಲಾರ್ ಕಾಸ್ಟಿಕ್ ಸೋಡಾ 13 ತೋರಿಸಿದರೆ ಅಷ್ಟೇ ಸಾಂದ್ರತೆಯ ಅಮೋನಿಯಾ 11. ಮೂಗಿಗೆ ಹೊಡೆಯುವುದು ಅಮೋನಿಯಾ, ಆದ್ದರಿಂದ ಮಕ್ಕಳಿಗೆ ಅದೇ ಜೋರು ಅನಿಸುತ್ತದೆ. ಕಾಸ್ಟಿಕ್‌ಗೆ ವಾಸನೆಯೇ ಇಲ್ಲ. ಅದೇ ಹೆಚ್ಚು ಹೆದರಿಕೆ ನನಗೆ.

ನನಗೆ ಮಜಾ ಅನಿಸುವುದು ಸುಣ್ಣ. ಇದೇ ಚಿಪ್ಪನ್ನು ಸುಟ್ಟು ನೀರು ಹಾಕಿದರೆ ವೀಳ್ಯದೆಲೆಗೆ ಹಚ್ಚುವ ಸುಣ್ಣ, ಅಲ್ವಾ? ಅದು ಪ್ರಬಲ ಪ್ರತ್ಯಾಮ್ಲ. ಆದರೆ ಒಂದು ಲೀಟರ್ ನೀರಿಗೆ ಎರಡು ಗ್ರಾಂ ಕೂಡ ಕರಗುವುದಿಲ್ಲ. ಕರಗಿದಷ್ಟು ಮಾತ್ರ ತನ್ನ ಹೈಡ್ರಾಕ್ಸೈಡ್ ಅಯಾನುಗಳನ್ನು ಪೂರ್ತಿ ಬಿಟ್ಟುಕೊಡುತ್ತದೆ. ಸುಣ್ಣದ ತಿಳಿನೀರಿನ ಪಿಎಚ್ 12.4. ಸುಣ್ಣ ಜಾಸ್ತಿಯಾಗಿ ಬಾಯಿ ಸುಟ್ಟುಕೊಂಡವರಿಗೆ ಮೀಟರ್ ಬೇಕಿಲ್ಲ.

ಉಳಿದ ಚಿಪ್ಪನ್ನು ಚೆನ್ನಾಗಿ ತೊಳೆದು ತೆಂಗಿನ ಬುಡಕ್ಕೆ ಹಾಕಿದೆ.