ಹೊಸ ಬೋಟ್ ಎಂಜಿನ್ ಎಳೀತಿಲ್ಲ ಅಂತ ತಕ್ಷಣ ಬಿಚ್ಚಿಸಬೇಡಿ

ದೋಣಿಗೆ ಔಟ್‌ಬೋರ್ಡ್ ಎಂಜಿನ್ (ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವಂಥದ್ದು) ಹಾಕಿಸಿರುವವರು, ಹಾಕಿಸೋಣ ಅಂತ ದುಡ್ಡು ಕೂಡಿಸುತ್ತಿರುವವರು ಸ್ವಲ್ಪ ಬಿಡುವು ಮಾಡಿಕೊಂಡು ಇದನ್ನು ಓದಿ. 800 ರೂಪಾಯಿಯ ಒಂದು ಪೆಟ್ರೋಲಿನ ರಬ್ಬರ್ ಪೈಪು ಕೆಟ್ಟಿದ್ದು ಗೊತ್ತಾಗದೆ ನಾನು 11,000 ರೂಪಾಯಿ ಕಳೆದುಕೊಂಡೆ. ವಾರಂಟಿಯೂ ಹೋಯಿತು. ದುಡ್ಡಿನ ಮಾತು ಬಿಡಿ, ಒಂದು ಸಂಜೆ ಹೇಮಾವತಿ ಹಿನ್ನೀರಿನ ನಟ್ಟನಡುವೆ ಮೂರು ಜನ ಕೈಕಟ್ಟಿ ಕೂರುವ ಹಾಗಾಯಿತು.

ನಮ್ಮದು ಹಾಸನ ತಾಲ್ಲೂಕು, ಹೇಮಾವತಿಯ ಗೊರೂರು ಡ್ಯಾಮಿನ ಹಿನ್ನೀರಿಗೆ ಹೊಂದಿಕೊಂಡ ಊರು. ಸೋದರಮಾವನಿಗೆ ಮೀನು ಹಿಡಿಯುವ ಪರವಾನಗಿ ಇದೆ. ಮೊದಲು ಹರಿಗೋಲು, ಆಮೇಲೆ ಫೈಬರ್ ದೋಣಿ. ಹುಟ್ಟು ಹಾಕಿ ಹಾಕಿ ಮಾವನ ಭುಜ ಹಿಡಿದುಕೊಂಡಿತ್ತು. ಹೋದ ಫೆಬ್ರವರಿಯಲ್ಲಿ ಇಬ್ಬರೂ ದುಡ್ಡು ಹಾಕಿ ಕರಾವಳಿ ಕಡೆಯ ಒಂದು ಅಂಗಡಿಯಿಂದ 15 ಎಚ್‌ಪಿ ಎಂಜಿನ್ ತಂದೆವು. ಫೋರ್ ಸ್ಟ್ರೋಕ್, ಎರಡು ಸಿಲಿಂಡರ್, ಕಾರ್ಬೋರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಇರುವಂಥದ್ದು. ಎರಡು ಲಕ್ಷದ ಮೇಲೆ ಆಯಿತು. ಪೆಟ್ಟಿಗೆ ನಾವು ಹೋಗುವ ಮೊದಲೇ ತೆರೆದಿತ್ತು. "ಟ್ಯಾಂಕು, ಪೈಪು ಎಲ್ಲ ನಾವೇ ಜೋಡಿಸಿ ಇಟ್ಟಿದ್ದೀವಿ ಸಾರ್, ನೀವು ಹೋಗಿ ಸ್ಟಾರ್ಟ್ ಮಾಡೋದಷ್ಟೇ" ಅಂದರು. ಒಳ್ಳೆ ಜನ ಅಂದುಕೊಂಡೆವು. ಆ ಪೈಪಿನ ಕಥೆ ಮುಂದೆ ಬರುತ್ತದೆ.

ಮೇ ತಿಂಗಳವರೆಗೆ ಓಡಿಸಿದ್ದು ಒಟ್ಟು 18 ಗಂಟೆ ಇರಬಹುದು. ಕೊನೆಯ ಎರಡು ಮೂರು ಸಲ ಫುಲ್ ಥ್ರಾಟಲ್ (ಆಕ್ಸಿಲರೇಟರ್) ಕೊಟ್ಟರೆ ಯಾಕೋ ಉಸಿರು ಕಟ್ಟಿದ ಹಾಗೆ ಆಗುತ್ತಿತ್ತು. ಬಲೆ ಭಾರ ಇರಬೇಕು ಅಂತ ಸುಮ್ಮನಾದೆವು. ಮಳೆ ಶುರುವಾದ ಮೇಲೆ ಎಂಜಿನ್ ಬಿಚ್ಚಿ ಶೆಡ್ಡಿನಲ್ಲಿ ನಿಲ್ಲಿಸಿದೆವು. ಟ್ಯಾಂಕಿನಲ್ಲಿ ಅರ್ಧದಷ್ಟು ಪೆಟ್ರೋಲ್ ಇತ್ತು, ಅದನ್ನೂ ಹಾಗೇ ಬಿಟ್ಟೆವು.

ಸೆಪ್ಟೆಂಬರಿನಲ್ಲಿ ಮತ್ತೆ ನೀರಿಗೆ ಇಳಿಸಿದ್ದು. ಡ್ಯಾಮ್ ತುಂಬಿತ್ತು. ಶೆಟ್ಟಿಹಳ್ಳಿಯ ಹಳೇ ಚರ್ಚು ನೀರಲ್ಲಿ ನಿಂತಿತ್ತು, ನೋಡುವವರ ಕಾರುಗಳು ದಡದಲ್ಲಿ. ಮಾವ, ಮಾವನ ಮಗ, ನಾನು. ಹೋಗುವಾಗ ಎಲ್ಲ ಸರಿ ಇತ್ತು. ಬಲೆ ಎತ್ತಿಕೊಂಡು ವಾಪಸ್ ಬರುವಾಗ ಗಾಳಿ ಎದ್ದಿತು. ಥ್ರಾಟಲ್ ತಿರುಗಿಸಿದೆ. ಒಂದು ನಿಮಿಷ ಚೆನ್ನಾಗಿ ಎಳೆಯಿತು. ಆಮೇಲೆ ಶಬ್ದ ದಪ್ಪಗಾಯಿತು, ವೇಗ ಇಳಿಯಿತು, ಗೊರ್ ಗೊರ್ ಅಂತ ಸಾಯುವ ಹಾಗೆ. ಥ್ರಾಟಲ್ ಕಡಿಮೆ ಮಾಡಿದರೆ ಸುಧಾರಿಸಿಕೊಳ್ಳುತ್ತದೆ. ಮತ್ತೆ ಕೊಟ್ಟರೆ ಅದೇ ಕಥೆ. ಕೊನೆಗೆ ಆಫ್ ಆಗಿಯೇ ಹೋಯಿತು. ಗಾಳಿ ನಮ್ಮನ್ನು ಮುಳುಗಿದ ಮರದ ಬೊಡ್ಡೆಗಳ ಕಡೆಗೆ ತಳ್ಳುತ್ತಿತ್ತು. ಹುಟ್ಟು ಎಲ್ಲಿ ಅಂತ ನೋಡಿದರೆ ಒಂದೇ ಒಂದು. ಎಂಜಿನ್ ಇದೆಯಲ್ಲ ಅಂತ ಇನ್ನೊಂದನ್ನು ಮನೆಯಲ್ಲೇ ಬಿಟ್ಟಿದ್ದು ನಾನೇ.

"ಎರಡು ಲಕ್ಷದ ಎಂಜಿನ್ನು ಅಂತೀಯ, ಹಗ್ಗ ಎಳೆದು ಎಳೆದು ನನ್ನ ಕೈಯೇ ಬಿದ್ದೋಯ್ತಲ್ಲೋ" ಅಂತ ಮಾವ ಬೈದದ್ದು ಇನ್ನೂ ಕಿವಿಯಲ್ಲಿದೆ. ಹೇಗೋ ಐಡಲ್‌ಗಿಂತ (ಥ್ರಾಟಲ್ ಕೊಡದೆ ಓಡುವ ವೇಗಕ್ಕಿಂತ) ಸ್ವಲ್ಪ ಮೇಲೆ ಇಟ್ಟುಕೊಂಡು ಕತ್ತಲಾಗುವ ಹೊತ್ತಿಗೆ ದಡ ಸೇರಿದೆವು. ಲೈಫ್ ಜಾಕೆಟ್ ಇದ್ದದ್ದು ಒಬ್ಬರ ಮೈಮೇಲೆ ಮಾತ್ರ. ಅದನ್ನು ಬರೆಯೋಕೆ ನನಗೇ ನಾಚಿಕೆ ಆಗುತ್ತದೆ.

ಇಲ್ಲಿಂದ ನನ್ನ ತಪ್ಪುಗಳು ಶುರು. ಮಾರಾಟದವರಿಗೆ ಫೋನ್ ಮಾಡಿದೆ. "ಲೋಡ್ ಜಾಸ್ತಿ ಹಾಕಿರ್ತೀರ ಸಾರ್, ಇಲ್ಲಾಂದ್ರೆ ಪ್ಲಗ್ ಚೇಂಜ್ ಮಾಡಿ" ಅಂದರು. ಏನಾಯಿತು, ಎಷ್ಟು ಹೊತ್ತಿಗೆ ಆಯಿತು ಅಂತ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಎರಡು ಪ್ಲಗ್‌ಗೆ 700 ರೂಪಾಯಿ ಹೋಯಿತು. ಏನೂ ಬದಲಾಗಲಿಲ್ಲ. ಆಮೇಲೆ ಹಾಸನದಲ್ಲಿ ಪಂಪ್‌ಸೆಟ್, ತೋಟದ ಸ್ಪ್ರೇಯರ್ ಎಲ್ಲ ರಿಪೇರಿ ಮಾಡುವ ಒಬ್ಬರ ಹತ್ತಿರ ಹೊತ್ತುಕೊಂಡು ಹೋದೆ. ಅವರ ಕೈಕೆಲಸ ಒಳ್ಳೆಯದೇ, ಆದರೆ ಬೋಟ್ ಎಂಜಿನ್ ಮುಟ್ಟಿದ್ದು ಅದೇ ಮೊದಲು. ಕಾರ್ಬೋರೇಟರ್ ಇಳಿಸಿದರು, ಅದರೊಳಗಿನ ಸಣ್ಣ ತೂತಿನ ಜೆಟ್ ತೊಳೆದರು, ಕಂಪನಿಯವರು ಬಣ್ಣದ ಗುರುತು ಹಾಕಿದ್ದ ಸ್ಕ್ರೂ ತಿರುಗಿಸಿದರು. ಗ್ಯಾಸ್ಕೆಟ್ ಹರಿಯಿತು. ಅವರ ಕೂಲಿ 3,500, ಗ್ಯಾಸ್ಕೆಟ್ ಕಿಟ್ 4,800, ಗಾಡಿ ಬಾಡಿಗೆ 2,000.

ಡ್ರಮ್ಮಿನ ನೀರಿನಲ್ಲಿ ಸ್ಟಾರ್ಟ್ ಮಾಡಿ ತೋರಿಸಿದರು. ಹೂವಿನ ಹಾಗೆ ಓಡಿತು. ಓಡದೆ ಏನು? ಡ್ರಮ್ಮಿನಲ್ಲಿ ಅದಕ್ಕೆ ಕೆಲಸವೇ ಇಲ್ಲವಲ್ಲ. ಹಿನ್ನೀರಿಗೆ ಇಳಿಸಿದರೆ ಮತ್ತೆ ಅದೇ ಗೊರ್ ಗೊರ್. ಅಂಗಡಿಯವರಿಗೆ ಫೋಟೋ ಕಳಿಸಿದರೆ ಸ್ಕ್ರೂವಿನ ಬಣ್ಣ ಕಿತ್ತಿರುವುದನ್ನು ನೋಡಿ "ಹೊರಗೆ ಬಿಚ್ಚಿಸಿದ್ದೀರ, ವಾರಂಟಿ ಬರಲ್ಲ" ಅಂದರು. ಆ ಮಾತು ಮಾತ್ರ ನಿಮಿಷದೊಳಗೆ ಬಂತು.

ಕೊನೆಗೆ ದಾರಿ ತೋರಿಸಿದ್ದು ನನ್ನ ಕಾಲೇಜು ಗೆಳೆಯನ ಚಿಕ್ಕಪ್ಪ. ಮಲ್ಪೆ ಕಡೆಯವರು, ಬೋಟುಗಳ ನಡುವೆಯೇ ಬೆಳೆದವರು. ಫೋನಿನಲ್ಲೇ ಎಲ್ಲ ಹೇಳಿಸಿದರು. ಅವರು ಮೊದಲು ಕೇಳಿದ್ದು ಇದು: "ಎಂಜಿನ್ ಕಿರುಚಿಕೊಂಡು ದೋಣಿ ಹೋಗುದಿಲ್ವಾ, ಅಥವಾ ಎಂಜಿನ್ನೇ ಬೀಳ್ತದಾ ಮಾರಾಯ?"

ಈ ಒಂದು ಪ್ರಶ್ನೆಯಿಂದ ಅರ್ಧ ದಾರಿ ಸವೆಯುತ್ತದೆ. ಎಂಜಿನ್ ಶಬ್ದ ಏರಿ ದೋಣಿ ಮಾತ್ರ ಮುಂದೆ ಹೋಗದಿದ್ದರೆ ತೊಂದರೆ ಕೆಳಗಿದೆ. ಪ್ರೊಪೆಲ್ಲರ್ ಒಳಗಿನ ರಬ್ಬರ್ ಬುಶ್ ಜಾರುತ್ತಿರಬಹುದು, ಎಂಜಿನ್ ತೀರಾ ಮೇಲೆ ಕೂತು ಪ್ರೊಪೆಲ್ಲರ್ ಗಾಳಿ ಎಳೆಯುತ್ತಿರಬಹುದು. ಶಬ್ದವೇ ಕುಗ್ಗಿ ಎಂಜಿನ್ ಬಿದ್ದರೆ ಪೆಟ್ರೋಲ್, ಕಿಡಿ, ಬಿಸಿ, ಇಲ್ಲವೇ ಪ್ರೊಪೆಲ್ಲರಿಗೆ ಸುತ್ತಿಕೊಂಡ ಬಲೆ ಅಥವಾ ಕಳೆ. ಎಂಜಿನ್ ಹಿಂದಿನಿಂದ ಪಿಚಕಾರಿ ಥರ ನೀರು ಬೀಳುತ್ತಿದೆಯಾ ಅಂತ ಕೇಳಿದರು. ಬೀಳುತ್ತಿತ್ತು, ಹಾಗಾಗಿ ಬಿಸಿ ಆಗಿ ತಾನಾಗಿಯೇ ವೇಗ ತಗ್ಗಿಸಿಕೊಂಡದ್ದಲ್ಲ. ಐಡಲ್‌ನಲ್ಲಿ ನಡುಗುತ್ತದಾ ಅಂದರು. ಇಲ್ಲ. ಹಾಗಾದರೆ ಎರಡೂ ಸಿಲಿಂಡರ್ ಕೆಲಸ ಮಾಡುತ್ತಿವೆ. ಮೊದಲ ಒಂದು ನಿಮಿಷ ಚೆನ್ನಾಗಿ ಎಳೆಯುತ್ತದೆ ಅಂದಾಗ ಅವರು ನಕ್ಕರು. ಕಾರ್ಬೋರೇಟರ್ ಬಟ್ಟಲಲ್ಲಿ ಇರುವಷ್ಟು ಪೆಟ್ರೋಲ್ ಖಾಲಿಯಾಗುವವರೆಗೆ ಓಡುತ್ತದೆ, ಆಮೇಲೆ ಹಿಂದಿನಿಂದ ಬೇಕಾದಷ್ಟು ಬರುತ್ತಿಲ್ಲ ಅಂತ ಅದರ ಅರ್ಥವಂತೆ. ಈ ಎಂಜಿನ್ನಿಗೆ ಫುಲ್ ಥ್ರಾಟಲ್‌ನಲ್ಲಿ ಗಂಟೆಗೆ 5 ಲೀಟರ್ ಮೇಲೆ ಬೇಕು. ಐಡಲ್‌ನಲ್ಲಿ ಅದರ ಕಾಲು ಭಾಗವೂ ಬೇಡ. ಡ್ರಮ್ಮಿನಲ್ಲಿ ರೋಗ ಕಾಣದೆ ಇದ್ದದ್ದು ಅದಕ್ಕೇ.

ಮಾರನೇ ದಿನ ಅವರು ಹೇಳಿದ ಹಾಗೆ ಮಾಡಿದೆವು. ಈ ಸಲ ಎರಡು ಹುಟ್ಟು, ಎಲ್ಲರಿಗೂ ಜಾಕೆಟ್, ದಡದಿಂದ ನೂರು ಅಡಿ ಒಳಗೆ. ಮಾವನ ಮಗ ಓಡಿಸಿದ, ನಾನು ಪೈಪಿನ ನಡುವೆ ಇರುವ ರಬ್ಬರ್ ಬಲ್ಬ್ (ಕೈಯಲ್ಲಿ ಒತ್ತಿ ಪೆಟ್ರೋಲ್ ಏರಿಸುವ ಉಂಡೆ) ಹಿಡಿದು ಕೂತೆ. ಎಂಜಿನ್ ಬೀಳೋಕೆ ಶುರುವಾದ ಕೂಡಲೇ ಬಲ್ಬ್ ನನ್ನ ಕೈಯಲ್ಲೇ ಒಳಕ್ಕೆ ಸೊರಗಿತು, ಬಾಡಿದ ಬದನೆಕಾಯಿ ಹಾಗೆ. ಎಂಜಿನ್ ಪಂಪು ಎಳೆಯುತ್ತಿದೆ, ಹಿಂದಿನಿಂದ ಬರುತ್ತಿಲ್ಲ. ಅಂದರೆ ಅಡ್ಡಿ ಇರುವುದು ಟ್ಯಾಂಕಿಗೂ ಬಲ್ಬಿಗೂ ನಡುವೆ. ಕಾರ್ಬೋರೇಟರ್ ಇರುವುದು ಬಲ್ಬಿನಿಂದ ಎಂಜಿನ್ ಕಡೆಗೆ, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಟ್ಯಾಂಕ್ ಮುಚ್ಚಳದ ಗಾಳಿ ಸ್ಕ್ರೂ ಮುಚ್ಚಿದ್ದರೂ ಹೀಗೇ ಆಗುತ್ತದೆ, ಜಾಸ್ತಿ ಜನಕ್ಕೆ ಆಗುವುದು ಅದೇ ಅಂತೆ. ನಮ್ಮದು ತೆರೆದೇ ಇತ್ತು. ಮುಚ್ಚಳವನ್ನೇ ಸಡಿಲ ಮಾಡಿ ನೋಡಿದೆವು, ಬದಲಾಗಲಿಲ್ಲ. ಟ್ಯಾಂಕಿನೊಳಗಿನ ಜಾಲರಿ ಸ್ವಚ್ಛ. ಪೈಪು ಬಿಚ್ಚಿ ಸೈಕಲ್ ಪಂಪಿನಿಂದ ಗಾಳಿ ಹೊಡೆದರೆ ಸರಾಗ ಹೋಗುತ್ತದೆ. ಇಲ್ಲೇ ನಾನು ಕೈ ಚೆಲ್ಲಿದ್ದು. "ತಳ್ಳಿದರೆ ಹೋಗ್ತದೆ, ಎಳೆದರೆ ಹೋಗ್ತದಾ ನೋಡು" ಅಂದರು ಚಿಕ್ಕಪ್ಪ. ದನಕ್ಕೆ ಔಷಧಿ ಕುಡಿಸುವ ದೊಡ್ಡ ಸಿರಿಂಜ್ ಸಿಕ್ಕಿಸಿ ಎಳೆದೆ. ಮೊದಲು ಬಂತು, ಜೋರಾಗಿ ಎಳೆದ ಕೂಡಲೇ ಟಪ್ ಅಂತ ಕಚ್ಚಿಕೊಂಡಿತು. (ಬಾಯಿಂದ ಎಳೆದು ನೋಡೋಕೆ ಹೋಗಬೇಡಿ, ಪೆಟ್ರೋಲ್ ಶ್ವಾಸಕೋಶಕ್ಕೆ ಹೋದರೆ ಆಸ್ಪತ್ರೆಯೇ ಗತಿ.)

ಪೈಪನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದೆವು. ಹೊರಗಿನ ರಬ್ಬರ್ ಗಟ್ಟಿಮುಟ್ಟು. ಒಳಗಿನ ತೆಳು ಪದರ ಮಾತ್ರ ಈರುಳ್ಳಿ ಸಿಪ್ಪೆ ಥರ ಬಿಟ್ಟುಕೊಂಡು ಮಡಚಿ ಬಿದ್ದಿತ್ತು. ಎಂಜಿನ್ ಜೋರಾಗಿ ಎಳೆದಾಗ ಆ ಸಿಪ್ಪೆ ಬಾಗಿಲಿನ ಹಾಗೆ ಮುಚ್ಚಿಕೊಳ್ಳುತ್ತಿತ್ತು. ಕಂಪನಿ ಪೈಪಾದರೆ ಮೈಮೇಲೆ ಹೆಸರು, ಗುರುತು, ಯಾವ ಇಂಧನಕ್ಕೆ ಅಂತ ಅಚ್ಚು ಇರುತ್ತದೆ. ಇದರ ಮೇಲೆ ಒಂದು ಅಕ್ಷರವೂ ಇರಲಿಲ್ಲ. ಪೆಟ್ಟಿಗೆ ಯಾಕೆ ಮೊದಲೇ ತೆರೆದಿತ್ತು ಅಂತ ಆಗ ಅರ್ಥವಾಯಿತು.

ಈಗಿನ ಪೆಟ್ರೋಲ್ ಕೂಡ ಇದರಲ್ಲಿ ಪಾಲುದಾರ. ಬಂಕಿನಲ್ಲಿ ಈಗ ಸಿಗುವುದು 20 ಶೇಕಡಾ ಎಥೆನಾಲ್ ಬೆರೆಸಿದ್ದು. ನಮ್ಮ ಎಂಜಿನ್ ಪುಸ್ತಕದಲ್ಲಿ 10 ಶೇಕಡಾ ದಾಟಬಾರದು ಅಂತ ಬರೆದಿದೆ, ನಾನು ಓದಿದ್ದು ಆಮೇಲೆ. ಅಗ್ಗದ ರಬ್ಬರಿಗೆ ಎಥೆನಾಲ್ ಆಗಿಬರುವುದಿಲ್ಲ, ಊದಿಕೊಂಡು ಪದರ ಬಿಡುತ್ತದೆ. ಜೊತೆಗೆ ಎಥೆನಾಲ್ ನೀರು ಹೀರುತ್ತದೆ. ಮಿತಿ ಮೀರಿದರೆ ನೀರು, ಎಥೆನಾಲ್ ಎರಡೂ ಸೇರಿಕೊಂಡು ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಕೂರುತ್ತವೆ. ಎಂಜಿನ್ ಎಳೆಯುವುದು ತಳದಿಂದಲೇ. ಮಳೆಗಾಲ ಪೂರ್ತಿ ಶೆಡ್ಡಿನಲ್ಲಿದ್ದ ಆ ಅರ್ಧ ಟ್ಯಾಂಕ್ ಪೆಟ್ರೋಲಿನಲ್ಲಿ ಉಳಿದದ್ದನ್ನು ಸ್ವಲ್ಪ ಉಪ್ಪಿನಕಾಯಿ ಬಾಟಲಿಗೆ ಬಗ್ಗಿಸಿ ಒಂದು ರಾತ್ರಿ ಇಟ್ಟೆ. ಬೆಳಿಗ್ಗೆ ನೋಡಿದರೆ ತಳದಲ್ಲಿ ಬೆರಳಿನಷ್ಟು ದಪ್ಪ ಬೇರೆಯೇ ಬಣ್ಣದ ಪದರ. ಆ ಸಂಜೆ ಎಂಜಿನ್ ಪೂರ್ತಿ ನಿಂತು ಹೋದದ್ದಕ್ಕೆ ಇದೂ ಸೇರಿತ್ತು.

ಹೊಸ ಪೈಪು, ಬಲ್ಬು ಸೇರಿ 800 ರೂಪಾಯಿ. ಗುರುತು ನೋಡಿ ತಂದದ್ದು. ಬಲ್ಬಿನ ಮೇಲೆ ಬಾಣದ ಗುರುತು ಇರುತ್ತದೆ, ಅದು ಎಂಜಿನ್ ಕಡೆಗೆ ಇರಬೇಕು. ಹೊಸ ಪೆಟ್ರೋಲ್ ಹಾಕಿ ಹೊರಟರೆ ದೋಣಿ ಮೂಗೆತ್ತಿ ಓಡಿತು. ಈಗ ಮಧ್ಯದಲ್ಲಿ ನೀರು ಬೇರ್ಪಡಿಸುವ ಫಿಲ್ಟರ್ ಕೂಡ ಹಾಕಿದ್ದೇವೆ. ಟ್ಯಾಂಕಿಗೆ ಎರಡು ಮೂರು ವಾರಕ್ಕೆ ಬೇಕಾದಷ್ಟೇ ಹಾಕುತ್ತೇವೆ, ಉಳಿದರೆ ಮಾವನ ಬೈಕಿಗೆ.

ಇನ್ನೊಂದು ವಿಷಯ, ನಮ್ಮ ಕಡೆಯವರಿಗೆ ಬೇಕಾದದ್ದು. ಪ್ಲಗ್ ವೈರಿಗೆ ಸುತ್ತುವ ಸಣ್ಣ ಆರ್‌ಪಿಎಂ ಮೀಟರ್ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅಂತ ತೋರಿಸುವುದು) ಸಿಗುತ್ತದೆ, ದುಬಾರಿಯಲ್ಲ, ಒಂದು ಹಾಕಿಕೊಳ್ಳಿ. ನಮ್ಮ ಎಂಜಿನ್ ಫುಲ್ ಥ್ರಾಟಲ್‌ನಲ್ಲಿ 5,000ದಿಂದ 6,000 ತೋರಿಸಬೇಕು ಅಂತ ಪುಸ್ತಕ ಹೇಳುತ್ತದೆ. ಪೈಪು ಸರಿ ಮಾಡಿದ ಮೇಲೂ ಮೂರು ಜನ ಕೂತರೆ 4,900ಕ್ಕೆ ನಿಲ್ಲುತ್ತಿತ್ತು. ಇದರಲ್ಲಿ ಯಾರ ಮೋಸವೂ ಇಲ್ಲ. ಹೇಮಾವತಿ ತುಂಬಿದಾಗ ನೀರಿನ ಮಟ್ಟ ಸಮುದ್ರದಿಂದ 2,922 ಅಡಿ ಮೇಲೆ. ಮೇಲೆ ಹೋದಷ್ಟೂ ಗಾಳಿ ತೆಳು, ಪ್ರತಿ 100 ಮೀಟರಿಗೆ ಸುಮಾರು ಒಂದು ಶೇಕಡಾ ಶಕ್ತಿ ಕಡಿಮೆ. ಮಲ್ಪೆಯಲ್ಲಿ 15 ಎಚ್‌ಪಿ ಕೊಡುವುದು ಇಲ್ಲಿ ಹದಿಮೂರೂವರೆ ಆಸುಪಾಸು. ಕರಾವಳಿಗೆ ಹೊಂದಿಸಿದ ಪ್ರೊಪೆಲ್ಲರನ್ನೇ ನಮಗೂ ಕೊಟ್ಟಿದ್ದರು. ಪಿಚ್ (ಪ್ರೊಪೆಲ್ಲರ್ ಒಂದು ಸುತ್ತಿಗೆ ಮುಂದಕ್ಕೆ ಹೋಗುವ ಲೆಕ್ಕದ ದೂರ) ಒಂದು ಇಂಚು ಕಡಿಮೆ ಇರುವುದನ್ನು ಹಾಕಿದರೆ ಸಾಮಾನ್ಯವಾಗಿ 150ರಿಂದ 200 ಆರ್‌ಪಿಎಂ ಏರುತ್ತದೆ. ಲಕ್ಕವಳ್ಳಿ, ಯಗಚಿ ಡ್ಯಾಮುಗಳ ಕಡೆ ಓಡಿಸುವವರೂ ಕೊಳ್ಳುವಾಗಲೇ ಇದನ್ನು ಕೇಳಿ, ಆಮೇಲೆ ಎಂಜಿನ್ನನ್ನು ಬೈಯಬೇಡಿ.

ಕೊಳ್ಳುವಾಗ ಪೆಟ್ಟಿಗೆ ನಿಮ್ಮ ಎದುರೇ ತೆರೆಯಲಿ. ಟ್ಯಾಂಕು, ಪೈಪು, ಬಲ್ಬು ಕಂಪನಿಯದ್ದಾ ಅಂತ ಬಿಲ್ಲಿನಲ್ಲೇ ಬರೆಸಿ. ನಮ್ಮ ಬಿಲ್ಲಿನಲ್ಲಿ "ಎಂಜಿನ್ 1" ಅಂತಷ್ಟೇ ಇದೆ, ಹಾಗಾಗಿ ಪೈಪಿನ ಬಗ್ಗೆ ಕೇಳಿದರೆ "ಅದು ನಮ್ಮದಲ್ಲ ಸಾರ್" ಅನ್ನುತ್ತಿದ್ದಾರೆ. 20 ಗಂಟೆಯ ಮೊದಲ ಸರ್ವಿಸ್ ಇನ್ನೂ ಆಗಿಲ್ಲ, ಅದಕ್ಕೂ ಕರೆದುಕೊಳ್ಳುತ್ತಿಲ್ಲ. ಸೀಳಿದ ಪೈಪಿನ ವಿಡಿಯೋ ಕಳಿಸಿ ಹನ್ನೆರಡು ದಿನ ಆಯಿತು. ನೀಲಿ ಗೆರೆ ಎರಡೂ ಬಂದಿವೆ, ಉತ್ತರ ಬಂದಿಲ್ಲ. ಗ್ರಾಹಕರ ಆಯೋಗಕ್ಕೆ ಕೊಡೋಕೆ ಕಾಗದ ಜೋಡಿಸುತ್ತಿದ್ದೇನೆ. ಪೈಪನ್ನು ಮಾವ ಬಿಸಾಡೋಕೆ ಬಿಟ್ಟಿಲ್ಲ, ಶೆಡ್ಡಿನ ಮೊಳೆಗೆ ನೇತು ಹಾಕಿದ್ದಾನೆ, ಪಕ್ಕದಲ್ಲೇ ಎರಡು ಹುಟ್ಟು.